ಒಂದು ಲೈನು, ಎರಡು ಮಿಷನ್ನು

ಮುತ್ತಿನಕೊಪ್ಪದ ನಮ್ಮ ಮನೆಗೆ ಇದ್ದುದು ಒಂದೇ ತ್ರೀ ಫೇಸ್ ಲೈನು, ಮಿಷನ್ನು ಎರಡು. ಮುಂದಿನ ಕೋಣೆಯಲ್ಲಿ ನನ್ನ ಓರಗಿತ್ತಿಯ ಹಿಟ್ಟಿನ ಗಿರಣಿ. ಘಾಟು ತಾಳಲಾರದೆ ಹಿಂದಿನ ಕೋಣೆಗೆ ತಳ್ಳಿದ್ದು ನನ್ನ ಖಾರದಪುಡಿ ಮಿಷನ್ನು. ಎರಡೂ ಒಟ್ಟಿಗೆ ಓಡಿದರೆ ಫ್ಯೂಸ್ ಹಾರುತ್ತಿತ್ತು. ಅದಕ್ಕೇ ಜಗಲಿಯ ಗೋಡೆಗೆ ಹಿಡಿಯಿರುವ ಒಂದು ಸ್ವಿಚ್ ಹಾಕಿಸಿದ್ದೆವು. ಹಿಡಿ ಮೇಲೆತ್ತಿದರೆ ಗಿರಣಿಗೆ ಕರೆಂಟು, ಕೆಳಗೆಳೆದರೆ ನನ್ನದಕ್ಕೆ. ಒಂದು ಒರೆಯಲ್ಲಿ ಎರಡು ಕತ್ತಿ ಅನ್ನುತ್ತಾರಲ್ಲ, ಹಾಗಿತ್ತು ನಮ್ಮ ಸಂಸಾರ.

ಮಿಷನ್ನಿಗೆ ಕೈ ಹಾಕುವವಳು ಮೊದಲು ಆ ಹಿಡಿಗೆ ಒಂದು ಬಟ್ಟೆ ಕಟ್ಟಬೇಕು. ಬಟ್ಟೆ ಇರುವಷ್ಟು ಹೊತ್ತು ಇನ್ನೊಬ್ಬಳು ಹಿಡಿ ಮುಟ್ಟಬಾರದು. ಇದು ನಮ್ಮಿಬ್ಬರ ಕಟ್ಟಳೆ. ಕಟ್ಟಳೆ ಒಳ್ಳೆಯದೇ, ಕೆಡಿಸಿದವರು ನಾವು. ಗಿರಾಕಿ ಹೆಚ್ಚಿದ ದಿನ ಲೈನು ಕೈತಪ್ಪದಿರಲೆಂದು ಸುಮ್ಮಸುಮ್ಮನೆ ಬಟ್ಟೆ ಕಟ್ಟಿಡುತ್ತಿದ್ದೆವು, ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ. ಶುರು ಮಾಡಿದ್ದು ನಾನೇ. ನನ್ನನ್ನು ನೋಡಿ ಅವಳು ಕಲಿತಳು.

ಅವತ್ತು ಹಬ್ಬದ ಹಿಂದಿನ ದಿನ. ಬೆಳಗಿನಿಂದ ಗಿರಣಿಯೇ ಓಡುತ್ತಿತ್ತು. ನನ್ನ ಮಿಷನ್ನಿನ ಬಾಯಲ್ಲಿ ತಂಪು ಹಿಡಿದ ಮೆಣಸು ಕಚ್ಚಿಕೊಂಡು ಕೂತಿತ್ತು.

"ಅಕ್ಕ, ಒಂದು ಹತ್ತು ನಿಮಿಷ ಲೈನು ಕೊಡಿ."

"ಈ ಅಕ್ಕಿ ಮುಗೀಲಿ ಮಾರಾಯ್ತಿ. ಎಂತ ಅವಸರ ನಿಂಗೆ?"

ಮೋರೆ ಊದಿಸಿಕೊಂಡು ಬಾವಿಕಟ್ಟೆಗೆ ಹೋದೆ. ನನ್ನ ಮಿಷನ್ನಿನ ಸ್ವಿಚ್ ಆಫ್ ಮಾಡುವ ರೂಢಿಯೇ ನನಗಿರಲಿಲ್ಲ. ಜಗಲಿಯ ಹಿಡಿಯೊಂದು ಇದೆಯಲ್ಲ ಎಂಬ ಸೋಮಾರಿತನ. ತಿರುಗಿ ಬಂದಾಗ ಗಿರಣಿ ತನ್ನಷ್ಟಕ್ಕೆ ಓಡುತ್ತಿತ್ತು, ಅವಳು ಕಾಣಲಿಲ್ಲ, ಹಿಡಿಗೆ ಅವಳ ನೀಲಿ ಟವೆಲ್ ಕಟ್ಟಿತ್ತು. ಓಡುವ ಗಿರಣಿಗೆ ಯಾರಾದರೂ ಕೈ ಹಾಕುತ್ತಾರೆಯೇ? ಲೈನು ಹಿಡಿದಿಡುವ ಹಳೇ ಉಪಾಯ ಅಂತ ಮೈಯೆಲ್ಲ ಉರಿಯಿತು. ಟವೆಲ್ ಕಿತ್ತೆಸೆದು ಹಿಡಿ ಕೆಳಗೆಳೆದೆ.

ಕೂಗು ಹಿಂದಿನ ಕೋಣೆಯಿಂದ ಬಂತು. ನನ್ನ ಸಿಟ್ಟು ಇಳಿಯಲೆಂದು ಅವಳು ನನ್ನ ಮಿಷನ್ನಿನ ಬಾಯಿಂದ ಮೆಣಸು ಬಿಡಿಸುತ್ತಿದ್ದಳು. ಬಲಗೈಯ ಮೂರು ಬೆರಳು ಹೋದವು.

ಆಸ್ಪತ್ರೆಯಲ್ಲಿ ಎಚ್ಚರವಾದಾಗ ಅವಳು ಕೇಳಿದ್ದು ಒಂದೇ ಮಾತು.

"ಟವೆಲ್ ಕಟ್ಟಿದ್ದೆ ಕಣೇ. ಕಾಣ್ಲಿಲ್ವಾ?"

"ಇಲ್ಲ ಅಕ್ಕ. ಬಿದ್ದುಹೋಗಿತ್ತು."

ನಂಬಿದಳು. ಭಾವ ನನ್ನ ಮೇಲೆ ಹರಿಹಾಯ್ದಾಗ ಮಲಗಿದಲ್ಲಿಂದಲೇ ತಡೆದಳು. "ಅವಳಿಗೆ ಬೈಬೇಡಿ. ಗಂಟು ನಾನೇ ಸರಿ ಹಾಕಿರ್ಲಿಲ್ಲ." ಇವತ್ತಿಗೂ ಯಾರು ಕೇಳಿದರೂ ಅದನ್ನೇ ಹೇಳುತ್ತಾಳೆ, ನಾನು ಪಕ್ಕದಲ್ಲಿ ಕೂತು ಕೇಳುತ್ತೇನೆ. ನಿಜ ಹೇಳಲು ನಾಲಿಗೆ ಏಳುವುದಿಲ್ಲ. ನಾಚಿಕೆ ಇದೆ, ಅದಕ್ಕಿಂತ ಹೆದರಿಕೆ ಹೆಚ್ಚು.

ಆ ಕೈಯಲ್ಲಿ ಅವಳಿಗೆ ಜಡೆ ಹೆಣೆದುಕೊಳ್ಳಲು ಆಗುವುದಿಲ್ಲ. ದಿನಾ ಬೆಳಿಗ್ಗೆ ಎಣ್ಣೆ ಬಾಚಣಿಗೆ ಹಿಡಿದು ಬಂದು ನನಗೆ ಬೆನ್ನು ಕೊಟ್ಟು ಕೂರುತ್ತಾಳೆ. ನಿಧಾನವಾಗಿ ಹೆಣೆಯುತ್ತೇನೆ. ಮುಗಿಯುವವರೆಗೆ ಅವಳ ಮುಖ ನೋಡಬೇಕಾಗಿಲ್ಲ.