ಪೂಜೆಗಿಟ್ಟ ರೆಕಾರ್ಡು

ಹಳೆಯ ಜಪಾನಿ ಎಲೆಕ್ಟ್ರಾನಿಕ್ ಪಾಪ್ ಸಂಗೀತದ ಎಲ್‌ಪಿ ರೆಕಾರ್ಡೊಂದು, ಅದೂ ಮೊದಲ ಮುದ್ರಣದ್ದು, ಮಾರಾಟಕ್ಕಿದೆಯೆಂದು ಅಡಿಲೇಡ್‌ನಿಂದ ಪರ್ತ್‌ಗೆ ಬಂದಿದ್ದೆ. ಅಲ್ಲಿನ ಕ್ಯಾನಿಂಗ್ ವೇಲ್ ಬಡಾವಣೆಯಲ್ಲಿರುವ, ಮಾರಲು ಹೊರಟಿದ್ದ ಮೈಸೂರಿನ ಅಂಕಲ್ ಅದನ್ನು ಪ್ಲೇಯರ್ ಸಮೇತ ಆಯುಧಪೂಜೆಗೆ ಇಟ್ಟಿದ್ದರು. ಹೊದಿಕೆಗೆ ಸುತ್ತಿದ್ದ ಜಪಾನಿ ಅಕ್ಷರಗಳ ಕಾಗದಪಟ್ಟಿ ನಲವತ್ತು ವರ್ಷ ಹಳೆಯದೆನ್ನಲು ತೀರಾ ಬೆಳ್ಳಗಿತ್ತು; ನಿಜಕ್ಕೂ ಮೊದಲ ಮುದ್ರಣದ್ದೇ ಎಂಬ ಅನುಮಾನ ಬಂತು.

"ಒಂದು ಹಾಡು ಹಾಕ್ತೀರಾ ಅಂಕಲ್?"

"ಪೂಜೆಗಿಟ್ಟಿದ್ದನ್ನ ಇವತ್ತು ಬಳಸೋ ಹಾಗಿಲ್ಲಮ್ಮ. ಒಂದೂ ಗೀರಿಲ್ಲ, ನಂಬಿ ತಗೊಂಡು ಹೋಗು."

ಸಂಜೆಯೇ ನನ್ನ ಫ್ಲೈಟ್. ಕೇಳದೆ ಕೊಳ್ಳಲು ಧೈರ್ಯವಿಲ್ಲ, ಬಿಟ್ಟುಹೋಗಲು ಮನಸ್ಸಿಲ್ಲ.

"ಯೋಚನೆ ಮಾಡ್ತಾ ಬಾ, ಏರ್‌ಪೋರ್ಟ್‌ಗೆ ನಾನೇ ಬಿಡ್ತೀನಿ," ಎಂದು ಅಂಕಲ್ ಹೊರಗೆ ಹೋಗಿ ಕಾರಿನ ಬಾಗಿಲು ತೆಗೆದರು. ಬಾನೆಟ್ ಮೇಲೆ ಕುಂಕುಮ ಇನ್ನೂ ಹಸಿಯಾಗಿತ್ತು.

"ಕಾರಿಗೂ ಪೂಜೆ ಆಗಿದೆಯಲ್ಲ ಅಂಕಲ್?"

ಮನೆಯ ಬಾಗಿಲಲ್ಲಿದ್ದ ಅವರ ಹೆಂಡತಿ ನಕ್ಕುಬಿಟ್ಟರು. "ಈಗ ಹೇಳಿ ಉತ್ತರ!"

ಅಂಕಲ್ ಕಾರಿನ ಬಾಗಿಲು ಮುಚ್ಚಿದರು. ರೆಕಾರ್ಡು ಬೇಡವೆಂದು ಹೇಳಿ, ಆಂಟಿಯನ್ನು ಬಸ್‌ಸ್ಟಾಪ್ ಎಲ್ಲಿದೆಯೆಂದು ಕೇಳಿದೆ.