ಮರ್ಲ್‌ನ ಅಳತೆ, ರೋವೆನಾಳ ಗುರಿ

ರೋವೆನಾ ಥಾರ್ಸನ್‌ಗೆ ಗುರಿಯಿಲ್ಲ ಎಂಬುದು ನಮ್ಮೂರಿನಲ್ಲಿ ಯಾರೂ ಅನುಮಾನಿಸದ ಸಂಗತಿಯಾಗಿತ್ತು. ಹಿಮಗಟ್ಟಿದ ರಸ್ತೆಯಲ್ಲಿ ಶಾಲೆಯ ಬಸ್ಸನ್ನು ಒಂದು ಗೇಣೂ ಜಾರದಂತೆ ಓಡಿಸುವ ಹೆಂಗಸು, ರೈಫಲ್ ಹಿಡಿದರೆ ಮಾತ್ರ ಜಿಂಕೆ ಬಿಟ್ಟು ಗುಡ್ಡಕ್ಕೆ ಹೊಡೆಯುತ್ತಾಳೆ ಎಂದು ಕಾಫಿ ಹೋಟೆಲಿನಲ್ಲಿ ನಗುತ್ತಿದ್ದರು. ಆ ಸುದ್ದಿ ಹಬ್ಬಿಸಿದವನು ಬೇರೆ ಯಾರೂ ಅಲ್ಲ, ಅವಳ ಗಂಡ ಮರ್ಲ್. ನಾನು ಅವರ ಬೇಲಿಯಾಚೆಯವನು, ಮರ್ಲ್ ನನ್ನ ಗೆಳೆಯ. ಆದರೂ ಹೇಳಬೇಕಾದ್ದನ್ನು ಹೇಳುತ್ತೇನೆ, ಅವನ ಬಾಯಿಗೆ ಬೀಗವಿರಲಿಲ್ಲ.

ಮೊಂಟಾನಾದ ಈ ಮೂಲೆಯಲ್ಲಿ ಅಂಗಡಿಯ ತೋಟಾ ಕೊಳ್ಳುವವನನ್ನು ಅಂಗಡಿಯ ಬ್ರೆಡ್ಡು ಕೊಳ್ಳುವ ಸೋಮಾರಿ ಗೃಹಿಣಿಯಂತೆ ನೋಡುತ್ತಾರೆ. ಹಾರಿಸಿದ ಹಿತ್ತಾಳೆ ಚಿಪ್ಪುಗಳನ್ನು ಆರಿಸಿ ತಂದು, ಹೊಸ ಮದ್ದು ತುಂಬಿ, ಮೇಲೆ ಗುಂಡು ಕೂರಿಸುವುದು ಚಳಿಗಾಲದ ಮನೆಗೆಲಸ. ಗುಂಡು ಚಿಪ್ಪಿನೊಳಗೆ ಎಷ್ಟು ಇಳಿಯಬೇಕು ಎಂಬ ವಿಷಯದಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟದ್ದೂ ಉಂಟು. ಮರ್ಲ್‌ನದು ಒಂದೇ ಮಂತ್ರ: ಗುಂಡಿನ ಮೂತಿ ನಳಿಗೆಯೊಳಗಿನ ತಿರುಪುಗೆರೆಗಳಿಗೆ ಇನ್ನೇನು ತಾಗಬೇಕು, ಅಷ್ಟು ಮುಂದಿರಬೇಕು. ತನ್ನ ರೈಫಲ್‌ಗೆ ಎಂದೋ ಅಳತೆ ಹಿಡಿದು, ಗುಂಡು ಕೂರಿಸುವ ಯಂತ್ರದ ತಿರುಪು ಅಲುಗದಂತೆ ಅದಕ್ಕೆ ಹೆಂಡತಿಯ ಉಗುರುಬಣ್ಣ ಬಳಿದುಬಿಟ್ಟಿದ್ದ. ಇಬ್ಬರ ರೈಫಲ್ಲೂ ಒಂದೇ ಜಾತಿಯದು. ಹಾಗಾಗಿ ಅವಳಿಗೂ ಅದೇ ತೋಟಾ.

ಹೋದ ಬೇಸಿಗೆಯಲ್ಲಿ ರೋವೆನಾಗೆ ಬೆಟ್ಟದ ಕಾಡುಟಗರನ್ನು ಬೇಟೆಯಾಡುವ ಪರವಾನಗಿ ಹತ್ತಿತು. ಸರ್ಕಾರ ಲಾಟರಿ ಎತ್ತಿ ಕೊಡುವ ಪರವಾನಗಿ ಅದು. ತನ್ನ ಹೆಣ್ಣುಮಕ್ಕಳು ತೊಟ್ಟಿಲಲ್ಲಿದ್ದಾಗಿನಿಂದ ಅರ್ಜಿ ಹಾಕಿದ್ದಳು, ಈಗ ಅವಳಿಗೆ ಮೊಮ್ಮಕ್ಕಳು. ಇನ್ನೊಮ್ಮೆ ಬರಲಿ ಎಂದು ಕಾಯುವವರು ಗೋರಿಯಲ್ಲಿ ಕಾಯಬೇಕು.

ಅವಳು ಬೇಲಿಯ ಬಳಿ ನಿಂತು ನನಗೂ ಕೇಳುವಂತೆ ಗಂಡನಿಗೆ ಹೇಳಿದಳು. "ಈ ಸಲ ನನ್ನ ತೋಟಾ ನಾನೇ ಮಾಡ್ಕೋತೀನಿ."

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ," ಎಂದ ಮರ್ಲ್.

"ನೆಲ ಡೊಂಕೋ ಕಾಲು ಡೊಂಕೋ, ಈ ಸಲ ನೋಡೇಬಿಡೋಣ. ಟಗರು ತಪ್ಪಿದ್ರೆ ನಾನೇ ಒಪ್ಕೋತೀನಿ, ನನಗೆ ಗುರಿ ಇಲ್ಲ ಅಂತ. ಆಮೇಲೆ ರೈಫಲ್ ಮುಟ್ಟಲ್ಲ."

ಅವಳ ದನಿಯಲ್ಲಿ ನಗುವಿರಲಿಲ್ಲ. ಆಗಲೇ ನನಗೆ ಗೊತ್ತಾಯಿತು, ಆ ಹೋಟೆಲಿನ ನಗು ಇಷ್ಟು ವರ್ಷ ಅವಳನ್ನು ಚುಚ್ಚಿದೆ ಎಂದು.

ಅವಳು ಮೊದಲು ಮಾಡಿದ ಕೆಲಸ ನೋಡಿ. ಮದ್ದು ತುಂಬದೆ, ಮರ್ಲ್‌ನ ಅಳತೆಗೇ ಗುಂಡು ಕೂರಿಸಿದ ಒಂದು ತೋಟಾ ಮಾಡಿ, ಗುಂಡಿಗೆ ಕರಿ ಶಾಯಿ ಬಳಿದು, ಮರ್ಲ್‌ನ ರೈಫಲ್‌ಗೆ ಹಾಕಿ ತೆಗೆದಳು. ಶಾಯಿ ಹಾಗೇ ಇತ್ತು. ತನ್ನದಕ್ಕೆ ಹಾಕಿ ತೆಗೆದಳು. ಗುಂಡಿನ ಸುತ್ತ ಹೊಳೆಯುವ ಗೀರುಗಳು! ಮರ್ಲ್‌ನದು ಸವೆದ ಹಳೆಯ ನಳಿಗೆ, ಅದರಲ್ಲಿ ಗೆರೆಗಳು ಮುಂದೆಲ್ಲೋ ಶುರುವಾಗುತ್ತವೆ. ಅವನಿಗೆ ಸರಿಹೋದ ತೋಟಾ ಇವಳ ನಳಿಗೆಯಲ್ಲಿ ಗೆರೆಗಳಿಗೆ ಬಿಗಿಯಾಗಿ ಒತ್ತಿಕೊಳ್ಳುತ್ತಿತ್ತು.

"ತಾಗಿದ್ರೆ ಒಳ್ಳೇದೇ ಕಣೇ," ಎಂದ ಮರ್ಲ್, ಕಣ್ಣು ಕೂಡ ಎತ್ತದೆ.

ಅವಳು ಯಂತ್ರದ ಕಡೆ ತಿರುಗಿದಳು. ಮದ್ದನ್ನು ತೋಟಾ ತಯಾರಿಕೆಯ ಪುಸ್ತಕ ಹೇಳಿದ್ದಕ್ಕಿಂತ ಕಡಿಮೆಯೇ ಇಟ್ಟು, ಅದನ್ನು ಬದಲಿಸದೆ, ಗುಂಡನ್ನು ಮಾತ್ರ ಪ್ರತಿ ಸಲ ಒಂದಿಷ್ಟೇ ಇಷ್ಟು ಹೆಚ್ಚು ಆಳಕ್ಕೆ ಕೂರಿಸುತ್ತ ಹೋದಳು. ಬಸ್ಸಿನ ಕೆಲಸ ಮುಗಿಸಿ ಜಲ್ಲಿ ಕ್ವಾರಿಗೆ ಹೋಗಿ ಕಾಗದಕ್ಕೆ ಹೊಡೆಯುವುದು, ತೂತುಗಳನ್ನು ನೋಡುವುದು, ಮನೆಗೆ ಬಂದು ಮತ್ತೆ ತಿರುಪು ತಿರುಗಿಸುವುದು. ಮೊದಮೊದಲು ಅಂಗೈಯಗಲ ಚದುರುತ್ತಿದ್ದ ತೂತುಗಳು ಮೆಲ್ಲಗೆ ಹತ್ತಿರ ಬಂದವು. ಒಂದು ಸಂಜೆ ಹೊಡೆದ ಮೂರೂ ತೂತುಗಳು ಒಂದನ್ನೊಂದು ತಾಗಿ ಕೂತವು. ಗುಂಡನ್ನು ಇನ್ನೂ ಇಳಿಸಿದಳು, ಮತ್ತೆ ಚದುರಿದವು. ಹಿಂದಿನ ಅಳತೆಗೆ ವಾಪಸು ಬಂದು ಹೊಡೆದಳು, ಮತ್ತೆ ಒಂದಾದವು. ಅವಳು ರೈಫಲ್ ಕೆಳಗಿಟ್ಟು ಜಲ್ಲಿಯ ಮೇಲೆ ಕುಣಿದಳು. ಅರವತ್ತು ದಾಟಿದ ಹೆಂಗಸು! ಜೊತೆಗಿದ್ದ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಬೇಟೆಗೆ ಹೊರಟ ಬೆಳಿಗ್ಗೆ ಮರ್ಲ್ ಮುಖ ಹುಳ್ಳಗೆ ಮಾಡಿಕೊಂಡು ಒಂದು ತೋಟಾ ತಂದ. ಆ ಉಗುರುಬಣ್ಣ ಕೆರೆದು ಗುಂಡನ್ನು ಒಂದು ಕೂದಲೆಳೆ ಹಿಂದಕ್ಕೆ ಕೂರಿಸಿದ್ದನಂತೆ.

"ನಿನ್ನ ಮಾತಿಗೆ ಮಾಡಿದ್ದು. ಮೊದಲನೇದು ನನ್ನದಿರ್ಲಿ, ರೋ. ಇಷ್ಟು ವರ್ಷ ನಾನೇ ಮಾಡ್ಕೊಟ್ಟಿಲ್ವಾ?"

ಅವಳು ಅವನ ಮುಖ ನೋಡಿ ಕರಗಿ ಇಸಕೊಂಡಳು. ನನಗೆ ಮೈ ಉರಿದುಹೋಯಿತು. ಗಂಡಹೆಂಡಿರ ನಡುವೆ ಬಾಯಿ ಹಾಕಬಾರದೆಂದು ಹೋಗಿ ಗಾಡಿ ಹತ್ತಿ ಕೂತೆ.

ಬೆಟ್ಟದ ನೆತ್ತಿ ಹತ್ತಿದಾಗ ಎದುರು ಬಂಡೆಗಳ ಮೇಲೆ ಟಗರು ಕಂಡಿತು, ಕೊಂಬು ಕೆನ್ನೆಯ ಪಕ್ಕಕ್ಕೆ ಸುರುಳಿ ಸುತ್ತಿದ ಮುದಿ ಟಗರು. ರೋವೆನಾ ಬೋರಲು ಮಲಗಿ ಮರ್ಲ್‌ನ ತೋಟಾ ಏರಿಸಿದಳು. ಅಷ್ಟರಲ್ಲಿ ಅದು ಎದ್ದು ಬಂಡೆಯ ಮರೆಗೆ ಹೋಗಿ ಮಲಗಿತು. ನಾವು ಜಾಗ ಬದಲಿಸಬೇಕಾಯಿತು. ನಡೆಯುವಾಗ ನಳಿಗೆ ಖಾಲಿಯಿರಬೇಕು ಎಂಬುದು ಅವಳ ಅಪ್ಪ ಕಲಿಸಿದ ಕಟ್ಟುನಿಟ್ಟು. ತೋಟಾ ಹೊರತೆಗೆಯಲು ಬೋಲ್ಟ್ ಎಳೆದಳು. ಚಿಪ್ಪು ಮಾತ್ರ ಈಚೆ ಬಂತು. ಮದ್ದೆಲ್ಲ ರೈಫಲ್ಲಿನ ಹೊಟ್ಟೆಯೊಳಗೆ ಸುರಿಯಿತು, ಆ ಕೂದಲೆಳೆ ಸಾಲದೆ ಗುಂಡು ನಳಿಗೆಯ ಗೆರೆಗಳಲ್ಲಿ ಕಚ್ಚಿಕೊಂಡು ಅಲ್ಲೇ ಉಳಿಯಿತು.

ಗುಂಡನ್ನು ನೂಕಿ ತೆಗೆಯುವ ಕಂಬಿ ಕೆಳಗೆ, ಪಿಕಪ್ ಗಾಡಿಯಲ್ಲಿತ್ತು.

"ನಾನು ಹೋಗ್ತೀನಿ," ಎಂದೆ.

"ಕೂತ್ಕೊಳ್ಳೋ ಕ್ಲೆಮ್," ಎಂದ ಮರ್ಲ್. "ನಾನು ಮಾಡಿದ ಘನಕಾರ್ಯ. ನಾನೇ ಇಳೀತೀನಿ."

ಅವನ ಎಡಮೊಣಕಾಲು ಮೆಟ್ಟಿಲು ಹತ್ತುವುದಕ್ಕೂ ಗೋಗರೆಯುತ್ತದೆ. ಆ ಕಾಲಲ್ಲಿ ಬೆಟ್ಟ ಇಳಿದು, ಮತ್ತೆ ಹತ್ತಿ, ಮಧ್ಯಾಹ್ನ ಕಳೆದ ಮೇಲೆ ಕೆಂಪು ಮುಖ ಹೊತ್ತು ಬಂದ. ಅಷ್ಟೂ ಹೊತ್ತು ಟಗರಿನ ಒಂದು ಕೊಂಬಿನ ತುದಿ ಮಾತ್ರ ಕಾಣುತ್ತಿತ್ತು. ರೋವೆನಾ ಕಣ್ಣು ಕೀಳಲಿಲ್ಲ, ಅವನನ್ನು ಒಂದು ಮಾತೂ ಬೈಯಲಿಲ್ಲ. ಮದ್ದು ಒರೆಸಿ, ನಳಿಗೆಯ ಬಾಯಿಯ ಕಡೆಯಿಂದ ಕಂಬಿ ತೂರಿಸಿ ಗುಂಡು ನೂಕಿದಳು. ನಳಿಗೆಯನ್ನು ಆಕಾಶಕ್ಕೆ ಹಿಡಿದು ಇಣುಕಿ ನೋಡಿ, ತನ್ನ ಜೇಬಿನ ತೋಟಾ ಹಾಕಿದಳು. ಬಿಸಿಲು ಇಳಿಯುವಾಗ ಟಗರು ಎದ್ದು ನಿಂತಿತು. ಒಂದೇ ಹೊಡೆತ. ಅದು ನಿಂತಲ್ಲೇ ಕುಸಿಯಿತು.

ಮರುದಿನ ಹೋಟೆಲಿನಲ್ಲಿ ಕಾಫಿಯ ಬಿಲ್ಲು ಯಾರು ಕೊಡಬೇಕೆಂದು ದಾಳ ಉರುಳಿಸುತ್ತಿದ್ದರು. ಹೊತ್ತು ತಂದ ಕೊಂಬು ನೋಡಿದ್ದವರೆಲ್ಲ ಮರ್ಲ್‌ನ ಬೆನ್ನು ತಟ್ಟಿದರು.

"ನೋಡಿದ್ಯಾ, ನಿನ್ನ ತೋಟಾ ಕೊನೆಗೂ ಅವಳ ಮಾನ ಉಳಿಸ್ತು!" ಎಂದ ಒಬ್ಬ.

ರೋವೆನಾ ಬಟ್ಟಲು ಹಿಡಿದು ಪಕ್ಕದಲ್ಲೇ ಕೂತಿದ್ದಳು. ಬೇಕಾದರೆ ಮರ್ಲ್ ಆ ಮಾತನ್ನು ಹಾಗೇ ನುಂಗಿಬಿಡಬಹುದಿತ್ತು. ಅವನು ಮೇಜು ಹಿಡಿದುಕೊಂಡು, ಆ ಮೊಣಕಾಲಿನಲ್ಲೇ ಎದ್ದು ನಿಂತ.

"ನನ್ನ ತೋಟಾ ನಳಿಗೇಲಿ ಸಿಕ್ಕೊಂಡಿತ್ತು. ಟಗರು ಬಿದ್ದಿದ್ದು ಅವಳು ಮಾಡಿದ್ದಕ್ಕೆ. ಇಷ್ಟು ವರ್ಷ ಅವಳಿಗೆ ಗುರಿ ಇಲ್ಲ ಅಂತ ನಿಮಗೆಲ್ಲ ಹೇಳ್ಕೊಂಡು ಬಂದೆ. ಗುರಿ ಇತ್ತು ಕಣ್ರಪ್ಪ. ಕೆಟ್ಟದ್ದು ನನ್ನ ತೋಟಾ."

ದಾಳ ಉರುಳುವುದು ನಿಂತಿತು. ರೋವೆನಾಳ ಕಣ್ಣು ತುಂಬಿತ್ತು, ಬಾಯಿ ಮಾತ್ರ ನಗುತ್ತಿತ್ತು.

"ಇನ್ನೊಂದ್ ಸಲ ಹೇಳು, ಮರ್ಲ್," ಎಂದಳು. "ಆ ಮೂಲೆಯವರಿಗೆ ಕೇಳಿಸ್ಲಿಲ್ಲ."

ಅವನು ಇನ್ನೂ ಗಟ್ಟಿಯಾಗಿ ಹೇಳಿದ.