ಖಾಲಿ ಬುಟ್ಟಿ, ಒಂದು ನಿಂಬೆಹಣ್ಣು

ರಮಾ ಹಗರಿಬೊಮ್ಮನಹಳ್ಳಿಯ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ. ಯಾರ ಸಕ್ಕರೆ ಏರಿದೆ, ಯಾರ ಲಿವರ್ ಕುಡಿತಕ್ಕೆ ಹೋಗಿದೆ, ಯಾವ ಮನೆಯ ಸೊಸೆಗೆ ರಕ್ತವೇ ಇಲ್ಲ ಎಂಬುದೆಲ್ಲ ಅವಳಿಗೆ ಗೊತ್ತು. ಗೊತ್ತಿದ್ದನ್ನು ಬಾಯಿ ಬಿಡುವವಳಲ್ಲ. ದಿನಾ ಕೂಡ್ಲಿಗಿಯಿಂದ ಬಸ್ಸಿಗೆ ಹೋಗಿ ಬರುತ್ತಾಳೆ. ವಯಸ್ಸು ಮೂವತ್ತು. ಮದುವೆಯ ಸುದ್ದಿ ತೆಗೆದವರಿಗೆ ಟೀ ಕೊಟ್ಟು ಕಳಿಸುತ್ತಾಳೆ. ಅಪ್ಪ ಗಾಳೆಪ್ಪ ಚಳವಳಿಯಲ್ಲಿ ನನ್ನ ಜೋಡಿ ಹದಿನೈದು ವರ್ಷ ಲಾಠಿ ತಿಂದವನು, ಐದು ವರ್ಷದ ಹಿಂದೆ ತೀರಿಕೊಂಡ. ತಾಯಿ ಅದಕ್ಕೂ ಮೊದಲೇ ಹೋಗಿದ್ದಳು. ಈಗ ಮನೆಯಲ್ಲಿ ರಮಾ ಮತ್ತು ಗಾಳೆಪ್ಪನ ತಾಯಿ ಮೈಲಮ್ಮ ಇಬ್ಬರೇ.

ವಾರವೆಲ್ಲ ಮಾತಿಲ್ಲದ ಈ ಹುಡುಗಿ ಭಾನುವಾರ ಮಧ್ಯಾಹ್ನ ಮೂರಕ್ಕೆ ಬಾಯಿ ಬಿಟ್ಟರೆ ಐದರ ತನಕ ನಿಲ್ಲಿಸುವುದಿಲ್ಲ. ಅದೊಂದು ಕಂಪ್ಯೂಟರ್ ಆಟದ ವಿಷಯ. ಇಂಗ್ಲಿಷ್ ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ. ನಮ್ಮ ಕಡೆಯ ಹುಡುಗರು ಅದನ್ನು ಬೂದಿ ಆಟ ಅನ್ನುತ್ತಾರೆ. ಬಾಂಬು ಬಿದ್ದು ಲೋಕ ಸುಟ್ಟುಹೋಗಿದೆ, ಉಳಿದವರು ಮುರಿದ ಬಸ್ಸು, ಬಿದ್ದ ಸೇತುವೆಗಳ ಕೆಳಗೆ ಬದುಕುತ್ತಿದ್ದಾರೆ. ಮೂರು ಭಾಗ ಬಂದಿವೆ. ಈ ಐದು ತಾಲೂಕುಗಳಲ್ಲಿ ಇದನ್ನು ಆಡುವವರು ನಲವತ್ತು ಜನ ಇದ್ದಾರೆಂದರೆ ನಾನು ನಂಬಿರಲಿಲ್ಲ. ಅವರೆಲ್ಲ ಭಾನುವಾರ ಫೋನಿನ ವಾಯ್ಸ್ ರೂಮಿನಲ್ಲಿ ಕೂಡುತ್ತಾರೆ. ಕೂಡಿ ಆಡುವುದಿಲ್ಲ, ಜಗಳ ಮಾಡುತ್ತಾರೆ.

ಜಗಳಕ್ಕೆ ಎರಡು ವಿಷಯ. ಒಂದು ಹಾರುವ ತಟ್ಟೆ. ಮೂರನೇ ಭಾಗದಲ್ಲಿ ಒಣಗಿದ ಕೆರೆಯ ತಳದಲ್ಲಿ ಅಂಥದ್ದೊಂದು ಹೂತುಕೊಂಡಿದೆ, ಪಕ್ಕದಲ್ಲಿ ಹಸಿರು ರಕ್ತ ಚೆಲ್ಲಿದೆ. ಹರಪನಹಳ್ಳಿಯಲ್ಲಿ ಮೊಬೈಲ್ ರಿಪೇರಿ ಮಾಡುವ ಹುಲುಗೇಶನ ಪ್ರಕಾರ ಬಾಂಬು ಹಾಕಿದ್ದೇ ಅನ್ಯಗ್ರಹದವರು. ರಮಾ ಅದನ್ನು ಒಪ್ಪುವುದಿಲ್ಲ. ಬಾಂಬು ಮಾಡಿದ್ದು ಮನುಷ್ಯ, ಹಾಕಿದ್ದು ಮನುಷ್ಯ, ನಿಮ್ಮ ಪಾಪ ಹೊರಲಿಕ್ಕೆ ಆಕಾಶದಿಂದ ಯಾರೂ ಬರುವುದಿಲ್ಲ ಎಂದು ಅವಳು ಬೈದಳಂತೆ. ಅದನ್ನು ಕೇಳಿ ನನ್ನ ಎದೆ ಉಬ್ಬಿತ್ತು. ಆ ಮಾತು ನಮ್ಮ ಬೀದಿನಾಟಕದ್ದು.

ಎರಡನೆಯದು ಬೂದಿಯಜ್ಜಿ. ಎರಡನೇ ಭಾಗದಲ್ಲಿ ಸುಟ್ಟ ಬಸ್ಸಿನ ಡ್ರೈವರ್ ಸೀಟಿನಲ್ಲಿ ಒಬ್ಬ ಮುದುಕಿ ಕೂತಿರುತ್ತಾಳೆ. ಕಣ್ಣು ಮುಚ್ಚಿ ಮುಂದಾಗುವುದನ್ನು ಹೇಳುತ್ತಾಳೆ, ನೀರು ಎಲ್ಲಿದೆ, ಶತ್ರು ಎಲ್ಲಿದ್ದಾನೆ ಎಂದು. ಅವಳಿಗೆ ನಿಜವಾಗಿ ಶಕ್ತಿ ಇದೆಯೋ ಇಲ್ಲವೋ? ಇದೆ ಅನ್ನುವವರ ಮುಖಂಡ ಕೊಟ್ಟೂರಿನ ಕೊಟ್ರಸ್ವಾಮಿ, ಬಜಾರಿನ ಬಟ್ಟೆ ಅಂಗಡಿಯವನು. ಇಲ್ಲ ಅನ್ನುವವರಿಗೆ ರಮಾ. ಯಾರೂ ನೋಡದ್ದನ್ನು ಅವಳು ಹುಡುಕಿದ್ದಳು. ಆ ಸೀಟನ್ನು ಹಿಂದಿನಿಂದ ಕಿತ್ತರೆ ಕೆಳಗೊಂದು ರೇಡಿಯೋ ಸಿಗುತ್ತದೆ. ಮುದುಕಿ ಹಗಲೆಲ್ಲ ಅದನ್ನು ಕೇಳಿ, ಕೇಳಿದ್ದನ್ನೇ ಕಣ್ಣು ಮುಚ್ಚಿ ಹೇಳುತ್ತಾಳೆ. ಆಮೇಲೆ ರಮಾಳನ್ನು ಎಲ್ಲರೂ ರೇಡಿಯೋ ಅಕ್ಕ ಅನ್ನತೊಡಗಿದರು.

ಈ ವಾದವೆಲ್ಲ ನಡೆಯುವಾಗ ಮೈಲಮ್ಮ ಅದೇ ಖೋಲಿಯ ಮೂಲೆಯಲ್ಲಿ ಮೊರ ಇಟ್ಟುಕೊಂಡು ಶೇಂಗಾ ಸುಲಿಯುತ್ತಿರುತ್ತಿದ್ದಳು. ವಯಸ್ಸು ಎಪ್ಪತ್ತೈದು ದಾಟಿದೆ, ಕಿವಿ ಚುರುಕು. ಐದಕ್ಕೆ ಮೊಮ್ಮಗಳು ಫೋನ್ ಇಟ್ಟ ಕೂಡಲೇ, ಇವತ್ತು ಯಾರು ಗೆದ್ದರು ಎಂದು ಕೇಳುವುದು ವಾಡಿಕೆ. ರೇಡಿಯೋ ಸಿಕ್ಕ ದಿನ ಮಾತ್ರ ಅವಳು ಬೇರೆಯದೇ ಕೇಳಿದ್ದಳಂತೆ.

"ನೀರು ಐತಿ ಅಂದಲ್ಲಿ ನೀರು ಸಿಕ್ತಿಲ್ಲೋ?"

"ಸಿಕ್ತು."

"ಮತ್ತ ಆಕಿ ಸುಳ್ಳು ಹೆಂಗಾದ್ಲು?"

ರಮಾ ನಕ್ಕು ಫೋನನ್ನು ಚಾರ್ಜಿಗೆ ಹಾಕಿದ್ದಳು.

ಹೋದ ಶ್ರಾವಣದ ಒಂದು ಭಾನುವಾರ ಕೊಟ್ರಸ್ವಾಮಿ ಹೊಸ ಸಾಕ್ಷಿ ತಂದ. ಬಸ್ಸಿನ ಹಿಂದೆ ಬೀಗ ಹಾಕಿದ ಒಂದು ಕಬ್ಬಿಣದ ಪೆಟ್ಟಿಗೆ ಇದೆ. ತೆಗೆಯುವ ಮೊದಲೇ ಬೂದಿಯಜ್ಜಿ ಒಳಗೇನಿದೆ ಎಂದು ಹೇಳುತ್ತಾಳೆ, ಸರಿಯಾಗಿಯೇ ಹೇಳುತ್ತಾಳೆ. ಇದನ್ನು ಯಾವ ರೇಡಿಯೋ ಹೇಳಿತು ಎಂದು ಕೇಳಿದ. ನಲವತ್ತು ಜನ ಕಾಯುತ್ತಿದ್ದರು. ಆಗ ರಮಾ, ಆಟ ಬಿಡಿ, ನಿಜದ ಬೂದಿಯಜ್ಜಿಯ ಕಥೆ ಹೇಳುತ್ತೇನೆ ಎಂದು ಶುರುಮಾಡಿದಳು. ಗುಡೇಕೋಟೆ, ನಮ್ಮಜ್ಜಿ ಮೈಲಮ್ಮ ಎಂದು ಊರು, ಹೆಸರು ಎರಡೂ ಹೇಳಿದಳು.

ಆ ಕಥೆ ಅವಳು ನನ್ನ ಬಾಯಿಂದ ಕೇಳಿದ್ದು. ಮೂವತ್ತು ವರ್ಷ ವೇದಿಕೆ ವೇದಿಕೆಯಲ್ಲಿ ನಾನೇ, ಈ ಹೊನ್ನೂರಸ್ವಾಮಿಯೇ, ಹೇಳಿದ್ದು. ಮೈಲಮ್ಮನ ಮೈಮೇಲೆ ಮಂಗಳವಾರ, ಶುಕ್ರವಾರ ಊರಮ್ಮ ಬರುತ್ತಿದ್ದಳು. ಮೇಲಿನ ಓಣಿಯವರೂ ಕೇರಿಗೆ ಬಂದು ದೂರ ನಿಂತು ಅಮ್ಮನ ಹೇಳಿಕೆ ಕೇಳುತ್ತಿದ್ದರು. ತೊಂಬತ್ತಮೂರರಲ್ಲಿ ನಾವು ಪವಾಡ ಬಯಲು ಮಾಡುವ ಕಾರ್ಯಕ್ರಮ ಇಟ್ಟೆವು. ಬಟ್ಟೆ ಮುಚ್ಚಿದ ಬುಟ್ಟಿಯನ್ನು ಅವಳ ಮುಂದಿಟ್ಟು ಒಳಗೇನಿದೆ ಎಂದು ಕೇಳಿದೆವು. ಏನೂ ಇಲ್ಲ ಅಂದಳು. ಬಟ್ಟೆ ತೆಗೆದರೆ ನಿಂಬೆಹಣ್ಣು. ಊರು ಹೊಟ್ಟೆ ಹಿಡಿದು ನಕ್ಕಿತು, ಅವತ್ತೇ ದೇವರು ಅವಳ ಮೈ ಬಿಟ್ಟು ಓಡಿತು. ಕೊನೆಯ ಮಾತಿಗೆ ನಾನು ಸೀರೆ ಎತ್ತಿಕೊಂಡು ಓಡುವಂತೆ ನಟಿಸುತ್ತಿದ್ದೆ. ರಮಾ ಫೋನಿನಲ್ಲಿ ನಟಿಸಲಾರದೆ ದನಿ ಬದಲಿಸಿದಳಂತೆ.

ರೂಮು ನಕ್ಕಿತು. ಕೊಟ್ರಸ್ವಾಮಿಯೂ ನಕ್ಕು ಸೋತೆನೆಂದ. ರಮಾ ಫೋನ್ ಇಟ್ಟಳು. ಮೂಲೆಯಿಂದ ಯಾರು ಗೆದ್ದರು ಎಂಬ ಮಾತು ಬರಲಿಲ್ಲ. ಮೈಲಮ್ಮ ಮೊರ ಎತ್ತಿಕೊಂಡು ಹೊರಗೆ ಕಟ್ಟೆಗೆ ಹೋಗಿ ಕೂತಳು.

ಹುಲುಗೇಶ ಅವತ್ತು ಸಂಜೆಯೇ ಸ್ಟಿಕ್ಕರ್ ಮಾಡಿದ. ಬುಟ್ಟಿಯೊಳಗಿಂದ ಇಣುಕುವ ಮುದುಕಿ, ಕೆಳಗೆ "ಒಳಗೇನೈತಿ ಹೇಳಜ್ಜಿ". ಬುಧವಾರ ಲ್ಯಾಬಿನಲ್ಲಿ ರಕ್ತ ಕೊಡಲು ಕೂತ ಒಬ್ಬ ಗಿರಾಕಿ, ಸೂಜಿಯ ಭಯ ಮರೆಯಲಿಕ್ಕೋ ಏನೋ, ನೋಡ್ರಿ ಮೇಡಂ ಎಂದು ಅದನ್ನೇ ಅವಳಿಗೆ ತೋರಿಸಿದ. ರಮಾ ಅವನ ನರ ಸಿಗದೆ ಎರಡು ಸಲ ಚುಚ್ಚಿದಳು. ಅವಳ ಕೈಯಲ್ಲಿ ಅದು ಎಂದೂ ಆಗಿರಲಿಲ್ಲ.

ಮನೆಗೆ ಬಂದು ತಪ್ಪಾಯಿತು ಅಜ್ಜಿ ಅಂದಳು. ಮೈಲಮ್ಮ ರೊಟ್ಟಿ ತಟ್ಟುತ್ತಾ ಒಂದೇ ಮಾತು ಹೇಳಿದಳಂತೆ, ಬುಟ್ಟಿ ಖಾಲಿ ಇತ್ತು ಎಂದು.

ಮರುದಿನ ರಮಾ ಬಸ್ಸು ಇಳಿದವಳು ನೇರ ನನ್ನ ಮನೆಗೆ ಬಂದಳು. ಕೂಡಲಿಲ್ಲ, ನೀರೂ ಮುಟ್ಟಲಿಲ್ಲ.

"ದೊಡ್ಡಪ್ಪ, ಬುಟ್ಟ್ಯಾಗ ನಿಂಬಿಹಣ್ಣು ಇಟ್ಟೋರ್ ಯಾರು?"

"ನಾನ."

"ಯಾವಾಗ ಇಟ್ಟಿ?"

ಮೂವತ್ತು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಯಾರಿಟ್ಟರೆಂದು ಕೇಳಿದವರಿದ್ದರು, ಯಾವಾಗ ಎಂದು ಕೇಳಿದವರಿಲ್ಲ. ರಕ್ತದ ಮಾದರಿ ತೆಗೆದ ಹೊತ್ತು ಬರೆಯದೆ ಒಂದು ಬಾಟಲಿಯನ್ನೂ ಮುಟ್ಟದವಳ ಮುಂದೆ ನಾನು ನಿಂತಿದ್ದೆ.

ನಡೆದದ್ದು ಇದು. ಬುಟ್ಟಿ ಖಾಲಿಯೇ ಇತ್ತು. ಅದೇ ನಮ್ಮ ಉಪಾಯ. ಅವಳು ತೆಂಗಿನಕಾಯಿ ಅನ್ನಲಿ, ಕುಂಕುಮ ಅನ್ನಲಿ, ಬಟ್ಟೆ ತೆಗೆದು ಖಾಲಿ ತೋರಿಸುವುದು. ಗಾಳೆಪ್ಪನೇ ಅದನ್ನು ತಲೆ ಮೇಲೆ ಹೊತ್ತು ತಂದು ಸ್ವಂತ ತಾಯಿಯ ಮುಂದಿಟ್ಟ. ಮೈಲಮ್ಮ ಏನೂ ಇಲ್ಲ ಅಂದುಬಿಟ್ಟಳು. ಊರವರು ಬುಟ್ಟಿಯತ್ತ ಬಗ್ಗಿದರು. ಇನ್ನೊಂದು ಗಳಿಗೆಯಲ್ಲಿ ಊರಮ್ಮನಿಗೆ ಜೈಕಾರ ಬೀಳುತ್ತಿತ್ತು, ನಾವು ಬ್ಯಾನರ್ ಸುತ್ತಿಕೊಂಡು ಓಡಬೇಕಿತ್ತು. ಅದಕ್ಕೆ ಮೊದಲು ನಿಂಬೆಹಣ್ಣು ಕೊಯ್ದು ರಕ್ತ ಬರಿಸುವ ಆಟ ತೋರಿಸಿದ್ದೆವು. ಉಳಿದ ಒಂದು ಹಣ್ಣು ನನ್ನ ಜುಬ್ಬಾದ ಜೇಬಿನಲ್ಲಿತ್ತು. ಬಟ್ಟೆ ಎತ್ತುವ ಕೈಯಲ್ಲೇ ಅದನ್ನು ಒಳಗೆ ಜಾರಿಸಿದೆ. ಯಾವ ಬಾಬಾಗಳ ಕೈಚಳಕವನ್ನು ಊರೂರು ತಿರುಗಿ ಬಯಲು ಮಾಡುತ್ತಿದ್ದೆನೋ, ಅದೇ ಕೈಚಳಕ. ಗಾಳೆಪ್ಪ ಪಕ್ಕದಲ್ಲೇ ನಿಂತಿದ್ದ, ನೋಡಿದ, ತಲೆ ತಗ್ಗಿಸಿದ. ಅವನು ಸಾಯುವ ತನಕ ನಾವಿಬ್ಬರೂ ಆ ಸುದ್ದಿ ಎತ್ತಲಿಲ್ಲ. ನಾನು ವೇದಿಕೆಯಲ್ಲಿ ಆ ಕಥೆ ತೆಗೆದಾಗಲೆಲ್ಲ ಅವನು ಬೀಡಿ ಸೇದಲು ಎದ್ದು ಹೋಗುತ್ತಿದ್ದ.

ದೇವರು ಬರುತ್ತಿತ್ತೆಂದು ನಾನು ಇಂದಿಗೂ ನಂಬುವುದಿಲ್ಲ. ಆದರೆ ಮೈಲಮ್ಮ ಹೇಳಿಕೆಯಲ್ಲಿ ಏನು ಹೇಳುತ್ತಿದ್ದಳು ಎಂಬುದನ್ನು ನಾವು ಒಂದು ದಿನವೂ ಕೂತು ಕೇಳಿರಲಿಲ್ಲ. ಅವಳು ಸೂಲಗಿತ್ತಿ. ಎಲ್ಲ ಓಣಿಗಳ ಒಳಮನೆ ಕಂಡವಳು. ಕಂಡದ್ದನ್ನು ಹಗಲು ಹೊತ್ತಿನಲ್ಲಿ ಹೇಳಿದರೆ ಹಲ್ಲು ಮುರಿಯುತ್ತಿದ್ದರು. ಮೈಮೇಲೆ ಅಮ್ಮ ಬಂದಾಗ, ಲೇ ಗೌಡ, ಸೊಸಿ ಮೈಮ್ಯಾಗಿನ ಬಾಸುಂಡಿ ನಾ ನೋಡೀನಿ, ಆಕಿನ ತವರಿಗೆ ಕಳಸು ಅಂದರೆ ಗೌಡ ಕೈಮುಗಿದು ಕಳಿಸುತ್ತಿದ್ದ. ನಿಂಬೆಹಣ್ಣಿನ ಮರುವರ್ಷ ಹದಿನಾಲ್ಕರ ಹುಡುಗಿಯೊಬ್ಬಳ ಮದುವೆ ಬೇಡ, ಹೆರಿಗೆಯಲ್ಲಿ ಸಾಯುತ್ತಾಳೆ ಎಂದು ಮೈಲಮ್ಮ ಹಗಲಲ್ಲೇ, ದೇವರಿಲ್ಲದೆ ಹೇಳಿದಳು. ಮೊದಲು ಬುಟ್ಟಿಯೊಳಗೇನೈತಿ ಹೇಳು ಎಂದು ಹುಡುಗಿಯ ಅಪ್ಪ ನಕ್ಕ. ಹುಡುಗಿ ಹೆರಿಗೆಯಲ್ಲೇ ಸತ್ತಳು. ನನಗೆ ಆ ಸುದ್ದಿ ಬಂದಿತ್ತು. ಬಾಲ್ಯವಿವಾಹದ ಮೇಲೆ ಭಾಷಣ ಮಾಡಿದೆ. ಬುಟ್ಟಿಯ ಮಾತು ಬಿಟ್ಟೆ.

ಇಷ್ಟನ್ನೂ ನಿಂತಲ್ಲೇ ಕೇಳಿದ ರಮಾ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

"ಭಾನುವಾರ ಮೂರಕ್ಕ ಮನಿಗೆ ಬಾ. ನಾ ಅಷ್ಟು ಮಂದಿ ಮುಂದ ಆಕಿ ಮರ್ಯಾದಿ ಕಳದೀನಿ. ಅಷ್ಟು ಮಂದಿ ಮುಂದ ನೀ ಹೇಳಬೇಕು," ಅಂದಳು.

ಹೋದೆ. ಪೊಲೀಸರ ಮುಂದೆ, ಜಿಲ್ಲಾಧಿಕಾರಿಯ ಮುಂದೆ ಮಾತಾಡಿದ ನಾನು ಅಂಗೈಯಗಲದ ಫೋನಿನ ಮುಂದೆ ಗೋಡೆಗೆ ಒರಗಿ ಕೂತೆ. ಮೊದಲು ರಮಾ ಮಾತಾಡಿದಳು. ಹೋದ ವಾರ ತಾನು ಹೇಳಿದ್ದು ಸುಳ್ಳು ಕಥೆ, ಗೆಲ್ಲಬೇಕೆಂಬ ಆಸೆಗೆ ಸಾಕಿದ ಅಜ್ಜಿಯನ್ನು ಮಾರಿದೆ ಅಂದಳು. ಆಮೇಲೆ ನಾನು. ಹಣ್ಣು ನನ್ನ ಜೇಬಿನದು, ಅವಳು ಹೇಳಿದ್ದೇ ಸರಿ ಇತ್ತು ಎಂದು ಎರಡು ಮಾತಿನಲ್ಲಿ ಮುಗಿಸಿದೆ. ಹುಲುಗೇಶ ಸ್ಟಿಕ್ಕರ್ ಅಳಿಸುತ್ತೇನೆ ಅಂದ, ಆದರೆ ಎಲ್ಲೆಲ್ಲಿಗೋ ಹೋಗಿಬಿಟ್ಟಿದೆಯಲ್ಲ ಎಂದು ಗೊಣಗಿದ. ಕೊಟ್ರಸ್ವಾಮಿ ಮಾತ್ರ ತಡೆಯಲಾರದೆ ಕೇಳಿಯೇಬಿಟ್ಟ.

"ಅಂದ್ರ ಶಕ್ತಿ ಇತ್ತಲ್ರಿ? ಖಾಲಿ ಅಂತ ಗೊತ್ತಾಗಿದ್ದು ಹೆಂಗ?"

ಹೊರಗೆ ಕಟ್ಟೆಯ ಮೇಲಿದ್ದ ಮೈಲಮ್ಮ ಅಲ್ಲಿಂದಲೇ ಮಾತಾಡಿದಳು. ರಮಾ ಫೋನನ್ನು ಬಾಗಿಲಿಗೆ ಹಿಡಿದಳು.

"ಎಂಥ ಶಕ್ತಿನೋ ತಮ್ಮಾ. ಬುಟ್ಟ್ಯಾಗ ಏನರ ಇದ್ರ ಹೊತ್ತೋನು ಅದು ಉರುಳದಂಗ ನೆಟ್ಟಗ ನಡೀತಾನ. ಇವ ಬುಟ್ಟಿ ಓರಿ ಮಾಡ್ಕೊಂಡು, ಬೇವಿನ ಟೊಂಗಿ ಕೆಳಗ ಬಗ್ಗಿ ಬಂದ. ಹುಟ್ಟಿದಾಗಿಂದ ಬುಟ್ಟಿ ಹೊತ್ತಾಕಿಗೆ ಅಷ್ಟು ತಿಳಿಯಂಗಿಲ್ಲೇನು? ಅದೂ ನನ್ನ ಮಗನ ನಡಿಗಿ."

"ಮತ್ತ ಅವತ್ತ ಯಾಕ ಹೇಳ್ಲಿಲ್ಲ ಅಜ್ಜಿ?" ರಮಾ ಕೇಳಿದಳು.

"ಹಣ್ಣು ಇಟ್ಟಿದ್ದು ಅವನೂ ನೋಡಿದ್ದ. ಸುಮ್ನ ನಿಂತ. ಹೊನ್ನೂರಸ್ವಾಮಿನ ಕಳ್ಳ ಅಂದ್ರ, ನನ್ನ ಮಗನ್ನ ಏನನ್ಲಿ?"

ರೂಮಿನಲ್ಲಿ ಯಾರೋ ಕೆಮ್ಮಿದರು. ರಮಾ ಫೋನ್ ಆರಿಸಿದಳು. ಅವಳು ಹೊರಗೆ ಹೋಗಿ ಅಜ್ಜಿಯ ಮೊರದ ಈಚೆ ಕೂತು ಶೇಂಗಾಕ್ಕೆ ಕೈಹಾಕಿದಳು. ಮೈಲಮ್ಮ ಬೇಡ ಅನ್ನಲಿಲ್ಲ. ಮೊರವನ್ನು ನಾಲ್ಕು ಬೆರಳಿನಷ್ಟು ಮೊಮ್ಮಗಳ ಕಡೆ ಸರಿಸಿದಳು.

ನನಗೆ ಏನು ಮಾಡಬೇಕೋ ತಿಳಿಯಲಿಲ್ಲ. ಕಟ್ಟೆಯ ಮುಂದೆ ಹೋಗಿ, ಯವ್ವಾ ಎಂದು ಬಗ್ಗಿ ಅವಳ ಕಾಲಿಗೆ ಕೈ ಚಾಚಿದೆ. ಮೈಲಮ್ಮ ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು.

"ಬ್ಯಾಡ. ಯಾರ ಕಾಲೂ ಮುಟ್ಟಬ್ಯಾಡ್ರಿ ಅಂತ ನಮ್ಗ ಕಲಿಸಿದೋನು ನೀನ."

ಬಗ್ಗಿದವನು ಹಾಗೇ ಎದ್ದೆ. ಚಾಚಿದ ಕೈಯನ್ನು ಎಲ್ಲಿಡಬೇಕೆಂದು ಗೊತ್ತಾಗದೆ ಜುಬ್ಬಾದ ಜೇಬಿಗೆ ಹಾಕಿದೆ. ಹಾಕಿದ್ದು ಅರಿವಾಗಿ ತಟ್ಟನೆ ತೆಗೆದೆ. ಅಜ್ಜಿ, ಮೊಮ್ಮಗಳು ಇಬ್ಬರೂ ಅದನ್ನು ನೋಡಿದರು. ಮತ್ತೆ ಶೇಂಗಾ ಸುಲಿಯತೊಡಗಿದರು.